ಕೊಟ್ಟದ್ದೋ, ತೆಗೆದುಕೊಂಡದ್ದೋ?





ಇಂದು ಮೇ 27. 1935ರ ಇದೇ ದಿನ ಮುಂಬಯಿಯ ದಾದರ್‌ನಲ್ಲಿರುವ ರಾಜಗೃಹದಲ್ಲಿ ತಾಯಿ ರಮಾಬಾಯಿಯವರು ಕಣ್ಣು ಮುಚ್ಚಿದರು. ಆಗ ಅವರಿಗೆ 37 ವರ್ಷ. ಬೆಳಗ್ಗೆ ಎದ್ದು ಫೋನು ನೋಡಿದರೆ ಎಲ್ಲ ಗುಂಪುಗಳಲ್ಲೂ ಅವರದೇ ಚಿತ್ರ. ತಲೆಯ ಮೇಲೆ ಸೆರಗು, ನೆಟ್ಟ ನೋಟ. ಚಿತ್ರದ ಕೆಳಗೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಪದ ಬರೆದಿದ್ದಾರೆ: ತ್ಯಾಗಮಯಿ.

ಇವತ್ತಿನ ಚಿಂತನೆ ಆ ಪದದ ಬಗ್ಗೆ. ಸ್ವಲ್ಪ ಉದ್ದ ಆಗಬಹುದು, ರಜೆ ಇರುವುದರಿಂದ ಬರೆಯಲು ಸಮಯವಿದೆ. ಓದಲು ನಿಮಗೂ ಇರಲಿ.

ಮೊದಲು ಅವರ ಬದುಕನ್ನು ಒಮ್ಮೆ ನೆನೆಯೋಣ. ಕೊಂಕಣದ ದಾಪೋಲಿ ಹತ್ತಿರದ ವಣಂದ್ ಅವರ ಊರು. ತಂದೆ ಭಿಕು ಧುತ್ರೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದವರು. ತಾಯಿ ತಂದೆ ಇಬ್ಬರೂ ಬೇಗ ತೀರಿಕೊಂಡರು. ಸಂಬಂಧಿಕರ ಜೊತೆ ಮುಂಬಯಿಗೆ ಬಂದ ಆ ಹುಡುಗಿಗೆ 1906ರಲ್ಲಿ, ಎಂಟು ಒಂಬತ್ತರ ವಯಸ್ಸಿನಲ್ಲಿ, ಭೀಮರಾವ್ ಜೊತೆ ಮದುವೆಯಾಯಿತು. ಬೈಕುಲಾ ಮಾರ್ಕೆಟ್ಟಿನಲ್ಲಿ, ಆ ದಿನದ ವ್ಯಾಪಾರ ಮುಗಿದ ಮೇಲೆ ನಡೆದ ಮದುವೆ ಎಂದು ಹಿರಿಯರು ಹೇಳುತ್ತಾರೆ. 1913ರಲ್ಲಿ ಮಾವ ರಾಮ್‌ಜಿ ತೀರಿಕೊಂಡರು. ಅದೇ ವರ್ಷ ಗಂಡ ಅಮೆರಿಕಕ್ಕೆ ಓದಲು ಹೋದರು. ಅವರು ತಿರುಗಿ ಬಂದಿದ್ದು 1917ರಲ್ಲಿ. 1920ರಲ್ಲಿ ಮತ್ತೆ ಲಂಡನ್, ಬಂದಿದ್ದು 1923ರಲ್ಲಿ. ಆ ಏಳು ವರ್ಷ ಮುಂಬಯಿಯ ಚಾಳಿನಲ್ಲಿ ಮನೆ ನಡೆಸಿದವರು ರಮಾಬಾಯಿ. ಐದು ಮಕ್ಕಳಲ್ಲಿ ಉಳಿದಿದ್ದು ಯಶವಂತ ಒಬ್ಬರೇ. ಗಂಗಾಧರ, ರಮೇಶ, ಇಂದು, ರಾಜರತ್ನ, ನಾಲ್ವರೂ ಹೋದರು. ಕೊನೆಯ ರಾಜರತ್ನ ಹೋದದ್ದು 1926ರ ಜುಲೈನಲ್ಲಿ. ಅದರ ಮುಂದಿನ ತಿಂಗಳು ಬಾಬಾಸಾಹೇಬರು ಗೆಳೆಯ ದತ್ತೋಬಾ ಪವಾರರಿಗೆ ಬರೆದ ಪತ್ರ ಉಳಿದಿದೆ. ಮೂರು ಗಂಡು, ಒಂದು ಹೆಣ್ಣು, ಇಷ್ಟು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಂದೆಯ ಪತ್ರ ಅದು. ತಾಯಿ ಬರೆದ ಪತ್ರವನ್ನು ನಾನು ಎಲ್ಲೂ ಓದಿಲ್ಲ.

ಇನ್ನು ನಮ್ಮ ಕರ್ನಾಟಕಕ್ಕೆ ಸೇರಿದ ಭಾಗ. ಇದು ನಿಮಗೆಲ್ಲ ಗೊತ್ತಿರುವುದೇ, ಆದರೂ ಹೇಳಬೇಕು. ಆಗ ಧಾರವಾಡ ಬಾಂಬೆ ಪ್ರಾಂತ್ಯದಲ್ಲಿತ್ತು. 1920ರ ದಶಕದ ಕೊನೆಯಲ್ಲಿ ಬಾಬಾಸಾಹೇಬರು ಅಲ್ಲಿ ನಮ್ಮ ಮಕ್ಕಳಿಗಾಗಿ ಒಂದು ವಿದ್ಯಾರ್ಥಿನಿಲಯ ತೆರೆಯಿಸಿದರು. ನೋಡಿಕೊಳ್ಳುತ್ತಿದ್ದವರು ಬಲವಂತರಾವ್ ವರಾಳೆ. ರಮಾಬಾಯಿಯವರ ಆರೋಗ್ಯ ಕೆಟ್ಟಿತ್ತು. ಗಾಳಿ ಬದಲಾಗಲಿ ಎಂದು ಧಾರವಾಡಕ್ಕೆ ಬಂದು ವರಾಳೆಯವರ ಮನೆಯಲ್ಲಿ ಉಳಿದರು. ಹಾಸ್ಟೆಲಿನ ಅಂಗಳದಲ್ಲಿ ದಿನಾ ಗಲಾಟೆ ಮಾಡುತ್ತಾ ಆಡುತ್ತಿದ್ದ ಹುಡುಗರು ಒಂದೆರಡು ದಿನ ಕಾಣಲಿಲ್ಲ. ಏಕೆ ಎಂದು ಕೇಳಿದರು. ಸರ್ಕಾರದ ಅನುದಾನ ಬಂದಿಲ್ಲ, ದಿನಸಿ ಮುಗಿದಿದೆ, ಮಕ್ಕಳು ಹಸಿದಿದ್ದಾರೆ ಎಂದು ತಿಳಿಯಿತು. ರಮಾಬಾಯಿ ಒಳಗೆ ಹೋಗಿ ತಮ್ಮ ಬಂಗಾರದ ಬಳೆಗಳನ್ನು ತಂದು ವರಾಳೆಯವರ ಕೈಗೆ ಕೊಟ್ಟು, ಇದನ್ನು ಇಟ್ಟು ದುಡ್ಡು ತನ್ನಿ, ಮಕ್ಕಳು ಹಸಿದಿರಬಾರದು ಎಂದರಂತೆ. ಅಂದಿನಿಂದ ಆ ಮಕ್ಕಳು ಅವರನ್ನು ರಮಾಯಿ ಎಂದು ಕರೆಯತೊಡಗಿದರು. ನಮ್ಮಲ್ಲಿ ಬಾಯಿಂದ ಬಾಯಿಗೆ ಬಂದಿರುವ ಕಥೆ ಇದು.

ಈ ಕಥೆಯನ್ನು ವೇದಿಕೆಯ ಮೇಲೆ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಬಹಳ ಸಲ ಗಂಡಸರು. ಹೇಳುತ್ತಾ ಅವರ ಗಂಟಲು ಕಟ್ಟುತ್ತದೆ, ಕೇಳುವ ನಾವೂ ಕಣ್ಣು ಒರೆಸಿಕೊಳ್ಳುತ್ತೇವೆ. ಮಕ್ಕಳು ಉಂಡರು ಎನ್ನುವಲ್ಲಿಗೆ ಕಥೆ ನಿಲ್ಲುತ್ತದೆ. ಆ ಬಳೆ ಬಿಡಿಸಿಕೊಂಡು ತಂದರಾ ಎಂದು ಸಭೆಯಲ್ಲಿ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಈಗ ನನ್ನ ಪ್ರಶ್ನೆ. ನಾವು ಪ್ರತಿ ಭಾನುವಾರ ಪಂಚಶೀಲ ಹೇಳುತ್ತೇವೆ. ಎರಡನೆಯ ಶೀಲ ಅದಿನ್ನಾದಾನದಿಂದ ದೂರ ಇರುವುದು. ಕಳ್ಳತನ ಮಾಡಬಾರದು ಎಂದು ಮಕ್ಕಳಿಗೆ ಅರ್ಥ ಹೇಳಿ ಮುಂದೆ ಹೋಗುತ್ತೇವೆ. ಆದರೆ ಪಾಳಿ ಪದವನ್ನು ಬಿಡಿಸಿ ನೋಡಿ. ದಿನ್ನ ಎಂದರೆ ಕೊಟ್ಟದ್ದು. ಅದಿನ್ನ ಎಂದರೆ ಕೊಡದೇ ಇದ್ದದ್ದು. ಆದಾನ ಎಂದರೆ ತೆಗೆದುಕೊಳ್ಳುವುದು. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳಬಾರದು ಎನ್ನುವುದು ಶೀಲ. ಇದು ಕಳ್ಳತನಕ್ಕಿಂತ ದೊಡ್ಡ ಪದ. ಬೀಗ ಒಡೆಯದೆಯೂ, ಯಾರಿಗೂ ಕಾಣದಂತೆಯೂ, ಕೈ ಮುಗಿದುಕೊಂಡೇ ಕೊಡದ್ದನ್ನು ತೆಗೆದುಕೊಳ್ಳಬಹುದು.

ಹಾಗಾದರೆ ತಾಯಂದಿರ ದುಡಿಮೆ ಕೊಟ್ಟದ್ದೋ, ನಾವು ತೆಗೆದುಕೊಂಡದ್ದೋ?

ಈ ಪ್ರಶ್ನೆ ಪುಸ್ತಕದಿಂದ ಬಂದಿದ್ದಲ್ಲ. ನಮ್ಮ ನಾಯಂಡಹಳ್ಳಿಯಲ್ಲಿ ಇತ್ತೀಚೆಗೆ ಒಬ್ಬ ತಾಯಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಈ ಸಂದೇಶ ಯಾವ ಯಾವ ಊರಿಗೆ ಫಾರ್ವರ್ಡ್ ಆಗುತ್ತದೋ, ಆ ಮನೆಯವರಿಗೆ ಕಸಿವಿಸಿ ಆಗಬಾರದು. ಅಮ್ಮ ಎಂದೇ ಕರೆಯುತ್ತೇನೆ, ನಾವೆಲ್ಲ ಕರೆಯುತ್ತಿದ್ದದ್ದೂ ಹಾಗೇ.

ಮೈಸೂರು ರಸ್ತೆ, ರಿಂಗ್ ರೋಡು, ಮೆಟ್ರೊ, ರೈಲು ಎಲ್ಲ ಒಂದರ ಮೇಲೊಂದು ಹಾಯುವ ಜಾಗ ನಮ್ಮದು. ಬಸ್ಸಿನಲ್ಲಿ ಹೋಗುವವರಿಗೆ ನಾಯಂಡಹಳ್ಳಿ ಎಂದರೆ ಸಿಗ್ನಲ್ಲು, ವೃಷಭಾವತಿಯ ವಾಸನೆ, ಅಷ್ಟೇ. ಒಳಗೆ ಬಂದರೆ ಗುಜರಿ ಅಂಗಡಿಗಳು, ಪ್ಲಾಸ್ಟಿಕ್ ಗೋಡೌನುಗಳು. ಊರೆಲ್ಲ ಬಿಸಾಡಿದ್ದು ಇಲ್ಲಿ ಬಂದು ಬೀಳುತ್ತದೆ. ಹಾಲಿನ ಕವರು ಬೇರೆ, ನೀರಿನ ಬಾಟಲಿ ಬೇರೆ, ಮುರಿದ ಬಕೆಟ್ಟು ಬೇರೆ, ಹೀಗೆ ಕೂತು ಬೇರ್ಪಡಿಸುವವರು ಹೆಚ್ಚಾಗಿ ಹೆಂಗಸರು. ಅಮ್ಮ ಅಂಥ ಒಂದು ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕೂತಿದ್ದರು. ಕವರನ್ನು ಬೆರಳಲ್ಲಿ ಹಿಸುಕಿ, ಸದ್ದು ಕೇಳಿ ಇದು ಯಾವ ಜಾತಿ ಎಂದು ಹೇಳುತ್ತಿದ್ದರು. "ಜಾತಿ ಕೇಳೋದು ಇದಕ್ಕೆ ಮಾತ್ರ ಮಿಸ್" ಎಂದು ನಗುತ್ತಿದ್ದರು.

ಗಂಡ ಬೇಗ ಹೋದರು. ಮೂರು ಮಕ್ಕಳನ್ನು ಓದಿಸಿದರು. ಅದು ಅವರ ಮನೆಯ ಮಾತಾಯಿತು. ಬೀದಿಯ ಮಾತು ಬೇರೆ ಇದೆ. ಯಾರಿಗೆ ಹೆರಿಗೆ ನೋವು ಬಂದರೂ ಆಟೊದಲ್ಲಿ ಜೊತೆಗೆ ಅಮ್ಮ. ಜೂನ್ ಬಂತೆಂದರೆ ಮಕ್ಕಳ ಅರ್ಜಿಗಳು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲು, ಎಸ್‌ಎಸ್‌ಪಿ ಸ್ಕಾಲರ್‌ಶಿಪ್ಪು. ಓದು ಬಾರದ ಆ ಹೆಂಗಸಿಗೆ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಆದಾಯದ್ದೂ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು ಎನ್ನುವುದೆಲ್ಲ ಬಾಯಿಪಾಠ. ಕಚೇರಿಯ ಯಾವ ಕಿಟಕಿಯಲ್ಲಿ ಯಾರು ಎಷ್ಟು ಹೊತ್ತಿಗೆ ಊಟಕ್ಕೆ ಏಳುತ್ತಾರೆ ಎನ್ನುವುದೂ ಗೊತ್ತು. ಅವರು ಕೈ ಹಿಡಿದು ಕರೆದುಕೊಂಡು ಹೋದ ಹುಡುಗರಲ್ಲಿ ಕೆಲವರು ಇಂಜಿನಿಯರಾಗಿದ್ದಾರೆ. ನಮ್ಮ ಶಾಲೆಯ ಮಕ್ಕಳಲ್ಲಿ ಎಷ್ಟು ಜನ ಎಸ್‌ಎಸ್‌ಎಲ್‌ಸಿ ಬಿಟ್ಟುಹೋಗದೆ ಉಳಿದರು ಎನ್ನುವುದರಲ್ಲಿ ಅವರ ಪಾಲು ನಮ್ಮ ಸ್ಟಾಫ್ ರೂಮಿಗೆ ಗೊತ್ತಿದೆ.

ನಮ್ಮ ಅಧ್ಯಯನ ಕೂಟದಲ್ಲಿ ಅವರ ಜಾಗ ಬಾಗಿಲ ಹತ್ತಿರ. ಅಡುಗೆಯ ಕಡೆ ಎದ್ದು ಹೋಗಲು ಅನುಕೂಲ ಎಂದು. ಏಪ್ರಿಲ್ 14, ಬುದ್ಧ ಪೂರ್ಣಿಮೆ, ಅಶೋಕ ವಿಜಯದಶಮಿ, ಡಿಸೆಂಬರ್ 6, ಯಾವ ಕಾರ್ಯಕ್ರಮವಾದರೂ ಅನ್ನ ಸಾರು ಪಾಯಸದ ಹೊಣೆ ಅವರದು. ಬುದ್ಧ ಪೂರ್ಣಿಮೆಯ ಪ್ರವಚನವನ್ನು ಅವರು ಮೊದಲಿಂದ ಕೊನೆಯವರೆಗೆ ಕೂತು ಕೇಳಿದ್ದು ಒಂದೇ ವರ್ಷ. ಆ ವರ್ಷ ಅವರ ಕೈ ಮುರಿದಿತ್ತು.

ವಂದನೆಯ ಪುಸ್ತಕ ತಾನೇ ಓದಬೇಕು ಎಂಬ ಆಸೆ ಅವರಿಗಿತ್ತು. ಸಂಜೆ ನನ್ನ ಮನೆಗೆ ಸ್ಲೇಟು ಹಿಡಿದು ಬರುತ್ತಿದ್ದರು. ಕಾಗುಣಿತ ಮುಗಿದು ಒತ್ತಕ್ಷರಕ್ಕೆ ಬಂದಿದ್ದೆವು. "ಬುದ್ಧ" ಎಂದು ಬರೆಯಲು ಒತ್ತಕ್ಷರ ಬರಬೇಕು. ಅಷ್ಟರಲ್ಲಿ ಯಾರಾದರೂ ಬಂದು ಕರೆಯುತ್ತಿದ್ದರು. ಆಸ್ಪತ್ರೆ, ಅಥವಾ ಯಾವುದೋ ಜಗಳ, ಅಥವಾ ನಾಳೆಯ ಅಡುಗೆಗೆ ಪಾತ್ರೆ. ಸ್ಲೇಟು ಅಲ್ಲೇ ಬಿಟ್ಟು ಏಳುತ್ತಿದ್ದರು.

ನುಡಿನಮನದ ದಿನ ಹದಿನೈದು ಜನ ಮಾತಾಡಿದರು. ತ್ಯಾಗಮಯಿ, ಕರುಣಾಮಯಿ, ತನಗಾಗಿ ಏನನ್ನೂ ಬಯಸದ ಜೀವ. ಒಬ್ಬರು ಅವರನ್ನು ನಮ್ಮ ಬೀದಿಯ ರಮಾಯಿ ಎಂದರು. ಯಾರ ಮಾತಿನಲ್ಲೂ ಸುಳ್ಳಿರಲಿಲ್ಲ, ಎಲ್ಲರೂ ನಿಜಕ್ಕೂ ಅತ್ತರು. ಸಭೆ ಮುಗಿದ ಮೇಲೆ ಅವರ ಸೊಸೆ, ಗಾರ್ಮೆಂಟ್ಸಿಗೆ ಹೋಗುವ ಹುಡುಗಿ, ಲೋಟ ತೊಳೆಯುತ್ತಾ ನನಗೆ ಹೇಳಿದ್ದು ಇಷ್ಟು:

"ಮಿಸ್, ಅತ್ತೇನ ಅಷ್ಟು ಹೊಗಳಿದ್ರಲ್ಲ, ಕೇಳ್ತಾ ಕೇಳ್ತಾ ನಂಗೆ ಭಯ ಆಗೋಯ್ತು. ಹೊಗಳಿ ಮುಗಿಸಿ ಎಲ್ರೂ ನನ್ನ ಕಡೆ ನೋಡಿದ್ರು."

ಬಂಧುಗಳೇ, ನಾಲ್ಕೈದು ವರ್ಷದ ಧಮ್ಮ ಪ್ರವಚನಗಳಲ್ಲಿ ಇಷ್ಟು ನೇರವಾದ ಮಾತು ನಾನು ಕೇಳಿಲ್ಲ. ಹೋದವರನ್ನು ತ್ಯಾಗಮಯಿ ಎನ್ನುವುದು ಇರುವವರಿಗೆ ಕೊಡುವ ನೋಟೀಸೂ ಆಗಿರುತ್ತದೆ. ಹಾರ ಫೋಟೊಗೆ ಬೀಳುತ್ತದೆ, ಸೌಟು ಸೊಸೆಯ ಕೈಗೆ ಬೀಳುತ್ತದೆ.

ಈ ಮಾತನ್ನು ಮುಂದಿನ ವಾರ ಕೂಟದಲ್ಲಿ ಇಟ್ಟಾಗ ನಮ್ಮ ಹಿರಿಯರೊಬ್ಬರು ಬೇಸರಪಟ್ಟುಕೊಂಡರು. "ತಾಯಿ ಪ್ರೀತಿಗೂ ಲೆಕ್ಕ ಹಾಕ್ತೀರೇನಮ್ಮ? ಆಕೆಯನ್ನ ಯಾರು ಬಲವಂತ ಮಾಡಿದ್ರು? ಖುಷಿಯಿಂದ ಮಾಡಿದ್ರು. ಅದನ್ನ ಕಳ್ಳತನ ಅಂದ್ರೆ ಆಕೆಗೇ ಅವಮಾನ." ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅಮ್ಮ ಬದುಕಿದ್ದು ನನ್ನ ಪ್ರಶ್ನೆ ಕೇಳಿಸಿಕೊಂಡಿದ್ದರೆ, ಅವರೂ ಬಹುಶಃ ನಗುತ್ತಿದ್ದರು. ಸಾವಿರ ಜನಕ್ಕೆ ಬಡಿಸಿ, ಕೊನೆಗೆ ತಳ ಹತ್ತಿದ ಪಾಯಸ ತಿನ್ನುವಾಗ ಅವರ ಮುಖದಲ್ಲಿ ಇದ್ದ ಸಂತೋಷ ನಟನೆಯದ್ದಲ್ಲ. ಅದನ್ನು ಶೋಷಣೆ ಎಂದು ಒಂದೇ ಪದದಲ್ಲಿ ಹೇಳಿ ಮುಗಿಸಿದರೆ, ತ್ಯಾಗ ಎಂದು ಒಂದೇ ಪದದಲ್ಲಿ ಮುಗಿಸಿದ ಹಾಗೆಯೇ. ಎರಡರಲ್ಲೂ ಆ ಹೆಂಗಸಿನ ಮನಸ್ಸು ಏನಿತ್ತು ಎಂದು ಕೇಳುವ ಅಗತ್ಯ ಬೀಳುವುದಿಲ್ಲ.

ಇಲ್ಲಿ ನನ್ನ ಕನ್ನಡ ಎಂ.ಎ. ಸ್ವಲ್ಪ ಉಪಯೋಗಕ್ಕೆ ಬಂತು. ತ್ಯಾಗ ಎಂದರೆ ಈಗ ನಮಗೆ ಬಿಟ್ಟುಕೊಡುವುದು, ಕಳೆದುಕೊಳ್ಳುವುದು, ತನ್ನನ್ನು ಸವೆಸುವುದು. ಹಳಗನ್ನಡದಲ್ಲಿ ಇದರ ತದ್ಭವ ಚಾಗ. ಅದರ ಅರ್ಥ ಕೈಬಿಚ್ಚಿ ಕೊಡುವುದು, ಔದಾರ್ಯ. ಚಾಗಿ ಎಂದರೆ ದಾನಿ. ಕ್ರಿ.ಶ. 941ರ ಸುಮಾರಿನಲ್ಲಿ ಪಂಪ ಬನವಾಸಿಯನ್ನು ನೆನೆಯುವ ಪ್ರಸಿದ್ಧ ಪದ್ಯದಲ್ಲೂ ಈ ಪದ ಬರುತ್ತದೆ, ಅಲ್ಲಿ ಅದು ಭೋಗದ ಪಕ್ಕದಲ್ಲೇ ಕೂತಿದೆ. ಕಣ್ಣೀರಿನ ಸುಳಿವಿಲ್ಲ. ಇನ್ನು ನನಗೆ ಖುಷಿ ಕೊಟ್ಟ ಸಂಗತಿ: ಪಾಳಿಯಲ್ಲೂ ಈ ಪದ ಚಾಗವೇ. ಶ್ರದ್ಧೆ, ಶೀಲ, ಚಾಗ, ಪ್ರಜ್ಞೆ ಎಂದು ಉಪಾಸಕರ ಗುಣಗಳನ್ನು ಎಣಿಸುವಲ್ಲಿ ಬರುತ್ತದೆ. ನಮ್ಮ ಹಳೆಯ ಕನ್ನಡವೂ ಧಮ್ಮದ ಭಾಷೆಯೂ ಒಂದೇ ಪದವನ್ನು ಒಂದೇ ಅರ್ಥದಲ್ಲಿ ಇಟ್ಟುಕೊಂಡಿದ್ದವು.

ಚಾಗಕ್ಕೆ ಎರಡು ಬೇಕು. ಕೊಡುವವರಿಗೆ ತನ್ನದು ಎನ್ನುವುದು ಏನಾದರೂ ಇರಬೇಕು. ಕೊಡದೇ ಇರುವ ದಾರಿಯೂ ಇರಬೇಕು. ಇವೆರಡೂ ಇಲ್ಲದೆ ಕೈಯಿಂದ ಹೋಗಿದ್ದನ್ನು ದಾನ ಎಂದು ಹೇಗೆ ಕರೆಯುವುದು? ಬುದ್ಧ ಗುರುಗಳು ಕಮ್ಮವನ್ನು ಚೇತನೆ ಎಂದರು, ಅಂದರೆ ಮನಸ್ಸು ಮಾಡುವುದು. ಮನಸ್ಸು ಮಾಡಲು ಅವಕಾಶವೇ ಇಲ್ಲದ ಕಡೆ ಪುಣ್ಯ ಯಾರದು?

ಈ ದೃಷ್ಟಿಯಿಂದ ಧಾರವಾಡದ ಬಳೆಗಳನ್ನು ಇನ್ನೊಮ್ಮೆ ನೋಡಿ. ಮನುಸ್ಮೃತಿ ಹೆಂಡತಿ, ಮಗ, ದಾಸ ಈ ಮೂವರಿಗೂ ಸ್ವಂತ ಸ್ವತ್ತಿಲ್ಲ ಎನ್ನುತ್ತದೆ. ಅದೇ ಗ್ರಂಥ ಬೇರೆ ಕಡೆ ಸ್ತ್ರೀಧನದ ಮಾತನ್ನೂ ಆಡುತ್ತದೆ, ಅದು ಬೇರೆ ಚರ್ಚೆ. ದೀಘ ನಿಕಾಯದ ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೃಹಸ್ಥರಿಗೆ ಹೇಳಿದ ಕರ್ತವ್ಯಗಳಿವೆ. ಗಂಡನಿಗೆ ಐದು ಹೇಳುತ್ತಾರೆ. ಹೆಂಡತಿಗೆ ಗೌರವ ಕೊಡುವುದು, ಕೀಳಾಗಿ ಕಾಣದಿರುವುದು, ನಂಬಿಕೆಗೆ ದ್ರೋಹ ಮಾಡದಿರುವುದು, ಮನೆಯ ಅಧಿಕಾರ ಅವಳ ಕೈಗೆ ಕೊಡುವುದು, ಒಡವೆ ಕೊಡಿಸುವುದು. ಒಡವೆಯ ಮಾತು ಓದಿ ನಮ್ಮ ಕೂಟದ ಹೆಂಗಸರೆಲ್ಲ ನಕ್ಕು, ಇದನ್ನು ಗೋಡೆಗೆ ಅಂಟಿಸಿ ಅಂದರು. ಆದರೆ ಅದರಲ್ಲಿ ತಮಾಷೆ ಮಾತ್ರ ಇಲ್ಲ. ಬಡ ಹೆಂಗಸಿಗೆ ಮೈಮೇಲಿನ ಬಂಗಾರವೇ ಬ್ಯಾಂಕು. ಅಡ ಇಡಲು ಯಾರನ್ನೂ ಕೇಳಬೇಕಾಗಿಲ್ಲದ ಒಂದೇ ಆಸ್ತಿ ಅದು. ಧಾರವಾಡದಲ್ಲಿ ರಮಾಬಾಯಿ ಮುಂಬಯಿಗೆ ಪತ್ರ ಬರೆದು ಒಪ್ಪಿಗೆಗೆ ಕಾದರು ಎಂದು ಕಥೆ ಹೇಳುವುದಿಲ್ಲ. ಕೇಳಿದರು, ತಿಳಿದುಕೊಂಡರು, ತೀರ್ಮಾನ ಮಾಡಿದರು, ತಂದುಕೊಟ್ಟರು. ನಾಲ್ಕು ಮಕ್ಕಳನ್ನು ಕಳೆದುಕೊಂಡವರು ಮಕ್ಕಳ ಸದ್ದು ನಿಂತದ್ದನ್ನು ಎಲ್ಲರಿಗಿಂತ ಮೊದಲು ಗಮನಿಸಿದರು. ಸರ್ಕಾರ ಕೊಡಬೇಕಾಗಿದ್ದು ಬಾರದೆ ಹೋದಾಗ ತಾನು ಕೊಟ್ಟರು. ನಾನು ಅವರನ್ನು ತ್ಯಾಗಮಯಿ ಎನ್ನುವುದಕ್ಕಿಂತ ಚಾಗಿ ಎನ್ನಲು ಇಷ್ಟಪಡುತ್ತೇನೆ. ಪದ ಹಳೆಯದಾಯಿತು ಎನ್ನುವವರು ಉದಾರಿ ಎನ್ನಲಿ.

ಅವರು ತನಗಾಗಿ ಏನೂ ಬಯಸಲಿಲ್ಲ ಎನ್ನುವ ಮಾತೂ ನಿಜವಲ್ಲ. ಬಯಸಿದ್ದು ನಮಗೆಲ್ಲ ಗೊತ್ತೇ ಇದೆ: ಪಂಢರಾಪುರಕ್ಕೆ ಹೋಗಬೇಕು, ವಿಠ್ಠಲನನ್ನು ನೋಡಬೇಕು. ಹೊರಗೆ ನಿಂತು ನೋಡಬೇಕಾದ ಪಂಢರಾಪುರ ನಮಗೆ ಬೇಡ, ನಮ್ಮದೇ ಬೇರೆ ಪಂಢರಾಪುರ ಕಟ್ಟೋಣ ಎಂಬರ್ಥದ ಉತ್ತರ ಬಾಬಾಸಾಹೇಬರಿಂದ ಬಂತು. ಆ ಉತ್ತರ ಸರಿಯಾಗಿತ್ತು. 1956ರ ನಾಗಪುರಕ್ಕೆ ಹೋಗುವ ದಾರಿ ಅಲ್ಲಿಂದಲೇ ಕಾಣುತ್ತದೆ. ಆದರೂ ಹೆಣ್ಣಾಗಿ ಅದನ್ನು ಓದುವಾಗ ನನಗೆ ಉತ್ತರದ ಜೊತೆ ಪ್ರಶ್ನೆಯೂ ಕೇಳಿಸುತ್ತದೆ. ಆಕೆ ಹೋದ ಐದು ತಿಂಗಳಿಗೆ, 1935ರ ಅಕ್ಟೋಬರ್ 13ರಂದು, ಯೇವಲಾದ ಘೋಷಣೆಯಾಯಿತು. ಸಾನೆ ಗುರೂಜಿಯವರ ಉಪವಾಸದ ನಂತರ ಪಂಢರಾಪುರದ ಬಾಗಿಲು ನಮ್ಮವರಿಗೆ ತೆರೆದದ್ದು 1947ರಲ್ಲಿ. ಎರಡರಲ್ಲಿ ಯಾವುದನ್ನೂ ಆಕೆ ಕಾಣಲಿಲ್ಲ.

ಬೇಡಿ ಪಡೆದ ತಾಯಿಯೂ ನಮ್ಮ ಪರಂಪರೆಯಲ್ಲಿದ್ದಾರೆ. ಮಹಾಪಜಾಪತಿ ಗೋತಮಿ. ಹೆತ್ತ ತಾಯಿ ಏಳನೆಯ ದಿನಕ್ಕೆ ತೀರಿಕೊಂಡಾಗ ಸಿದ್ಧಾರ್ಥನಿಗೆ ಹಾಲೂಡಿಸಿ ಬೆಳೆಸಿದವರು. ಸಂಘಕ್ಕೆ ಸೇರಿಸಿಕೊಳ್ಳಿ ಎಂದು ಕೇಳಿದರು, ಆಗದು ಎಂದರು. ಮತ್ತೆ ಕೇಳಿದರು. ಕೂದಲು ಕತ್ತರಿಸಿಕೊಂಡು, ಶಾಕ್ಯ ಹೆಂಗಸರನ್ನು ಕರೆದುಕೊಂಡು ಕಪಿಲವಸ್ತುವಿನಿಂದ ವೈಶಾಲಿಯವರೆಗೆ ನಡೆದು, ಊದಿದ ಕಾಲಲ್ಲಿ ಬಾಗಿಲಲ್ಲಿ ನಿಂತರು. ಆನಂದರು ಅವರ ಪರವಾಗಿ ವಾದ ಮಾಡಿದ ಮೇಲೆ ಪಡೆದರು. ಅವರದೇ ಇನ್ನೊಂದು ಪ್ರಸಂಗ ಮಜ್ಝಿಮ ನಿಕಾಯದಲ್ಲಿದೆ. ತಾವೇ ನೂತು ನೇಯ್ದ ಬಟ್ಟೆಯನ್ನು ತಂದು ಮಗನಿಗೆ ಕೊಡುತ್ತಾರೆ. ಬುದ್ಧರು ಅದನ್ನು ಸಂಘಕ್ಕೆ ಕೊಡಿ, ಆಗ ನನಗೂ ಸಂಘಕ್ಕೂ ಗೌರವ ಸಲ್ಲುತ್ತದೆ ಎನ್ನುತ್ತಾರೆ. ಮೂರು ಸಲ ಆಕೆ ಮಗನಿಗೇ ಎನ್ನುತ್ತಾರೆ, ಮೂರು ಸಲ ಬುದ್ಧರು ಸಂಘಕ್ಕೆ ಎನ್ನುತ್ತಾರೆ. ಒಂದು ತಾಯಿಯ ಪ್ರೀತಿ ಮನೆಯ ಹೊಸ್ತಿಲು ದಾಟಿ ಸಮುದಾಯಕ್ಕೆ ಹರಿಯುವ ಗಳಿಗೆ ಅದು. ಧಾರವಾಡದ ಬಳೆಯೂ, ನಾಯಂಡಹಳ್ಳಿಯ ಅರ್ಜಿಗಳೂ ಅದೇ ಜಾತಿಯವು. ಆದರೆ ಒಂದನ್ನು ಗಮನಿಸಿ: ಗೋತಮಿಯ ಬಟ್ಟೆಯನ್ನು ತೆಗೆದುಕೊಂಡ ಸಂಘ, ಮುಂದೆ ಗೋತಮಿಯನ್ನೇ ಒಳಗೆ ಕರೆದುಕೊಳ್ಳಬೇಕಾಯಿತು. ಅವರು ಅಡುಗೆ ಮನೆಯ ಬಾಗಿಲಲ್ಲಿ ಉಳಿಯಲಿಲ್ಲ, ಧಮ್ಮವನ್ನು ಕೂತು ಕೇಳಿದರು, ಅರಹಂತರಾದರು.

ಬಾಬಾಸಾಹೇಬರು ಏನು ಮಾಡಿದರು? ನನಗೆ ಇದು ಮುಖ್ಯ, ಏಕೆಂದರೆ ಅವರೂ ಹೆಂಡತಿಯಿಂದ ಬಹಳ ಪಡೆದವರು. ರಾಜರತ್ನ ಹೋಗಿ ಎರಡು ವರ್ಷಕ್ಕೆ, 1928ರ ಜುಲೈನಲ್ಲಿ, ಬಾಂಬೆ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂತು. ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರಿಗೆ ಹೆರಿಗೆಗೆ ಮುಂಚೆಯೂ ನಂತರವೂ ವಿಶ್ರಾಂತಿ, ಆ ದಿನಗಳಿಗೆ ದುಡ್ಡು. ಬಾಬಾಸಾಹೇಬರು ಎದ್ದು ಅದನ್ನು ಬೆಂಬಲಿಸಿದರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತದ ವಿಷಯ, ಅದರ ಹೊರೆ ಸರ್ಕಾರ ಹೊರಬೇಕು, ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಹೊರಬೇಕು ಎನ್ನುವುದು ಅವರ ವಾದ. ಮರುವರ್ಷ ಅದು ಕಾನೂನಾಯಿತು. ತಾಯ್ತನವನ್ನು ಹಾಡಿ ಹೊಗಳುವ ಸಂದರ್ಭದಲ್ಲಿ ಅವರು ರಜೆ ಮತ್ತು ಸಂಬಳದ ಮಾತಾಡಿದರು. ಮುಂದೆ ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಆಸ್ತಿಯಲ್ಲಿ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ ಬಿದ್ದಾಗ, 1951ರ ಸೆಪ್ಟೆಂಬರಿನಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟದ್ದಕ್ಕೆ ಅದೂ ಒಂದು ದೊಡ್ಡ ಕಾರಣ. ತನ್ನದು ಎನ್ನುವುದು ಇದ್ದರೆ ತಾನೇ ಕೊಡಲು ಸಾಧ್ಯ.

ಇನ್ನು 1940ರಲ್ಲಿ ಅವರು ಬರೆದು ಮುಗಿಸಿದ "ಥಾಟ್ಸ್ ಆನ್ ಪಾಕಿಸ್ತಾನ್" ಪುಸ್ತಕದ ಅರ್ಪಣೆ ರಮಾಬಾಯಿಯವರಿಗೆ. ಅದರಲ್ಲಿ ಆಕೆಯ ಒಳ್ಳೆಯ ಹೃದಯ, ಶುದ್ಧ ನಡತೆಯನ್ನು ನೆನೆದು, ಗೆಳೆಯರೂ ಇಲ್ಲದ ಕಷ್ಟದ ದಿನಗಳಲ್ಲಿ ತನ್ನೊಂದಿಗೆ ಕಷ್ಟಪಡಲು ಆಕೆ ತೋರಿದ ಧೈರ್ಯವನ್ನು ನೆನೆಯುತ್ತಾರೆ. ಆಕೆ ತನಗಾಗಿ ಕಷ್ಟಪಟ್ಟಳು ಎಂದು ಅವರು ಬರೆಯಲಿಲ್ಲ, ತನ್ನ ಜೊತೆಯಲ್ಲಿ ಎಂದರು. "ನನಗಾಗಿ" ಎಂದರೆ ಒಬ್ಬರು ಕೆಳಗೆ, ಒಬ್ಬರು ಮೇಲೆ. "ನನ್ನ ಜೊತೆ" ಎಂದರೆ ಇಬ್ಬರ ಹೆಗಲೂ ಒಂದೇ ಎತ್ತರದಲ್ಲಿ. ನಮ್ಮ ನುಡಿನಮನಗಳಲ್ಲಿ "ನಮಗಾಗಿ" ಎನ್ನುವುದು ಬಹಳ ಬರುತ್ತದೆ.

ಕೂಟದ ಹಿರಿಯರಿಗೆ ನಾನು ಕೊಟ್ಟ ಉತ್ತರ ಇದು. ಅಮ್ಮ ಕೊಟ್ಟದ್ದು ನಿಜ, ಖುಷಿಯಿಂದ ಕೊಟ್ಟದ್ದೂ ನಿಜ. ಹೆರಿಗೆಗೆ ಜೊತೆ ಹೋದದ್ದು, ಮಕ್ಕಳ ಅರ್ಜಿ ತುಂಬಿಸಿದ್ದು ಅವರ ಚಾಗ. ಅದರ ಪುಣ್ಯ ಅವರದೇ. ಆದರೆ ಅವರ ಪ್ರವಚನ ಕೇಳುವ ಹೊತ್ತನ್ನು, ಒತ್ತಕ್ಷರ ಕಲಿಯುವ ಸಂಜೆಯನ್ನು ಅವರು ಕೊಡಲಿಲ್ಲ. ಅದು ಬೇಕೆಂದು ಅವರು ಸ್ಲೇಟು ಹಿಡಿದು ಬಂದಿದ್ದರು. ಅದು ಹೋಯಿತು. ಒಂದೇ ಬದುಕಿನಲ್ಲಿ ಎರಡೂ ಇದ್ದವು, ಬಿಡಿಸಿ ನೋಡುವ ಕೆಲಸ ನಮ್ಮದು. ಹಾಲಿನ ಕವರು ಬೇರೆ, ನೀರಿನ ಬಾಟಲಿ ಬೇರೆ ಎಂದು ಅವರು ಇಪ್ಪತ್ತು ವರ್ಷ ಕೂತು ಮಾಡಿದ ಕೆಲಸಕ್ಕಿಂತ ಇದು ಕಷ್ಟವೇನಲ್ಲ.

ಸಿಗಾಲೋವಾದ ಸುತ್ತದಲ್ಲೇ ಮಕ್ಕಳ ಕರ್ತವ್ಯವನ್ನೂ ಹೇಳಿದೆ. ಸಾಕಿದವರನ್ನು ಸಾಕುವುದು ಮೊದಲನೆಯದು. ಎರಡನೆಯದು ಅವರ ಕೆಲಸಗಳನ್ನು ತಾನು ಮಾಡುವುದು. ಸುತ್ತ ಹೇಳುವುದು ಮಕ್ಕಳಿಗೆ. ಸೊಸೆ ಎಂಬ ಪದ ಆ ಐದರಲ್ಲಿ ಎಲ್ಲೂ ಇಲ್ಲ. ಹಿರಿಯರು ಪುಸ್ತಕ ಇಸಿದುಕೊಂಡು ಕನ್ನಡಕ ಹಾಕಿ ತಾವೇ ಓದಿ ನೋಡಿದರು. ಆಮೇಲೆ ಮಾತಾಡಲಿಲ್ಲ. ಮುಂದಿನ ಭಾನುವಾರದ ತರಕಾರಿ ನಾನು ತರುತ್ತೇನೆ ಎಂದರು.

ಈಗ ಕೂಟದ ಕೋಣೆಯ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದೆ. ಯಾವ ಭಾನುವಾರ ಯಾರ ಅಡುಗೆ, ಯಾರು ಪಾತ್ರೆ, ಯಾರು ಆಸ್ಪತ್ರೆಗೆ ಜೊತೆ ಹೋಗಲು ಸಿದ್ಧ, ಹೆಸರು ಮತ್ತು ಫೋನ್ ನಂಬರ್. ಗಂಡಸರ ಹೆಸರು ಆರು ಇದ್ದವು, ಒಬ್ಬರು ಹೊಡೆದು ಹಾಕಿಕೊಂಡಿದ್ದಾರೆ. ಕಳೆದ ಭಾನುವಾರದ ಚಿತ್ರಾನ್ನಕ್ಕೆ ಉಪ್ಪು ಜಾಸ್ತಿ. ಅಮ್ಮನ ಮಗ ಮಾಡಿದ್ದು. ಸೊಸೆ ಮುಂದಿನ ಸಾಲಿನಲ್ಲಿ ಕೂತು ಧಮ್ಮಪದದ ಬಗ್ಗೆ ಎರಡು ಪ್ರಶ್ನೆ ಕೇಳಿದಳು. ಒಂದಕ್ಕೆ ಉತ್ತರ ಇನ್ನೂ ಬಾಕಿ ಇದೆ, ಬಂತೇಜಿ ಬಂದಾಗ ಕೇಳಬೇಕು.

ಶಾಲೆ ತೆರೆಯಲು ಇನ್ನು ಕೆಲವೇ ದಿನ. ಈ ಭಾನುವಾರ ಬೆಳಗ್ಗೆ ವಂದನೆ ಮುಗಿದ ಕೂಡಲೇ ಹಾಸ್ಟೆಲ್ ಮತ್ತು ಸ್ಕಾಲರ್‌ಶಿಪ್ ಅರ್ಜಿಯ ಬಗ್ಗೆ ಕೂರುತ್ತೇವೆ. ಮಕ್ಕಳ ಆಧಾರ್, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಬ್ಯಾಂಕ್ ಪಾಸ್‌ಬುಕ್ ತನ್ನಿ. ಲ್ಯಾಪ್‌ಟಾಪ್ ಇರುವ ಹುಡುಗರು ಇಬ್ಬರು ಬೇಕು. ಅಮ್ಮ ಕರೆದುಕೊಂಡು ಹೋಗಿ ಅರ್ಜಿ ಹಾಕಿಸಿದವರು ಯಾರಾದರೂ ಈ ಗುಂಪಿನಲ್ಲಿದ್ದರೆ ದಯವಿಟ್ಟು ಬನ್ನಿ, ಕಿಟಕಿಗಳ ವಿಷಯ ನಿಮಗೆ ಗೊತ್ತಿರುತ್ತದೆ.

ಜೈ ಭೀಮ್.